ಅರೆ ಉಪ್ಪಿನ ನೀರು

ಸೀಬ್, ಮಸ್ಕತ್
೧೧ ಏಪ್ರಿಲ್ ೧೯೮೮

ಪೂಜ್ಯ ಅತ್ತೆಯವರಿಗೆ ಕುಸುಮಳ ನಮಸ್ಕಾರಗಳು.

ನೀವು ಕಳಿಸಿದ ಒಣ ಸಿಗಡಿಯ ಕಟ್ಟನ್ನು ಇಲ್ಲಿಯ ಸೂಕ್ ಮಾರ್ಕೆಟಿನಲ್ಲಿ ಅಂಗಡಿ ಇಟ್ಟಿರುವ ನಮ್ಮ ಉಳ್ಳಾಲದ ಮುಹಿಯುದ್ದೀನ್ ಮೊನ್ನೆ ತಂದು ಕೊಟ್ಟರು. ಬಿಚ್ಚಿದ ಕೂಡಲೇ ಇಡೀ ಬಿಲ್ಡಿಂಗಿಗೆ ಮಲ್ಪೆ ಬಂತು. ಕೆಳಗಿನ ಮನೆಯ ಪಾಕಿಸ್ತಾನಿ ಹೆಂಗಸು ಮೂಗು ಮುಚ್ಚಿಕೊಂಡು ಮೇಲೆ ಬಂದು, "ಕುಛ್ ಮರ್ ಗಯಾ ಕ್ಯಾ?" ಎಂದು ಕೇಳಿದಳು, ಏನಾದರೂ ಸತ್ತಿದೆಯಾ ಎಂದು. ನಿಮ್ಮ ಮಗ ಅವಳಿಗೂ ಒಂದು ಪೊಟ್ಟಣ ಕಟ್ಟಿ ಕೊಟ್ಟರು. ಈಗ ಅವಳೇ ಇನ್ನಷ್ಟು ಇದೆಯಾ ಎಂದು ಕೇಳುತ್ತಾಳೆ.

ನಿಮ್ಮ ಮೊಮ್ಮಗಳು ಶಮಿತಾಳಿಗೆ ಕಿವಿ ಸೋರುತ್ತಿದೆ. ನಮ್ಮ ಎದುರು ಮನೆಯ ಫ್ರೆಡ್ಡಿಯವರು ನಿಮಗೆ ನೆನಪಿರಬಹುದು, ಉಡುಪಿ ಕಡೆಯ ಕ್ರಿಶ್ಚಿಯನ್ನರು. ಅವರ ಕಂಪೆನಿಯ ಕ್ಯಾಂಪಿನಲ್ಲಿ ಸ್ವಿಮ್ಮಿಂಗ್ ಪೂಲ್ ಉಂಟು. ಶುಕ್ರವಾರ ರಜೆಯೆಂದು ಅವರ ಮಕ್ಕಳ ಜೊತೆ ಇವಳನ್ನೂ ಕಳಿಸುತ್ತಿದ್ದೆ. ಈಗ ತಲೆದಿಂಬಿನ ಮೇಲೆ ಹಳದಿ ಕಲೆ, ಮುಟ್ಟಿದರೆ ಕಿರುಚುತ್ತಾಳೆ. ಫ್ರೆಡ್ಡಿಯ ಹೆಂಡತಿ ರೋಸ್ ಇಲ್ಲಿಯ ಆಸ್ಪತ್ರೆಯಲ್ಲಿ ನರ್ಸ್. ಅವರೇ ಮದ್ದು ತಂದು ಹಾಕುತ್ತಿದ್ದಾರೆ. "ನೀರು ನೀಲಿ ಕಂಡರೆ ಸಾಲದು ಕುಸುಮಾ. ಈ ಬಿಸಿಲಿಗೆ ಕ್ಲೋರಿನ್ ಮಧ್ಯಾಹ್ನದೊಳಗೆ ಹಾರಿ ಹೋಗ್ತದೆ. ಪೂಲಿನ ಗೋಡೆ ಮುಟ್ಟಿ ನೋಡು, ಜಾರ್ತದಲ್ಲ? ಆ ಲೋಳೆಯೊಳಗೆ ಕ್ರಿಮಿ ಸಂಸಾರ ಹೂಡಿ ಕೂತಿರ್ತದೆ" ಎಂದರು. ನನಗೆ ಅಂದಿನಿಂದ ಆ ನೀಲಿ ಬಣ್ಣವೇ ಕಂಡರಾಗುವುದಿಲ್ಲ.

ಇನ್ನು ನಿಮ್ಮ ಮಗನ ವಿಷಯ. ಕಂಪೆನಿಯ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಹಿಂದೆ ಬಂದಿದ್ದ ಕಾಮಾಲೆ ಲಿವರನ್ನು ಕೆಡಿಸಿಟ್ಟು ಹೋಗಿದೆ ಎಂದಿದ್ದಾರಂತೆ. ಜ್ವರ ಬಂದರೂ ಗಾಯವಾದರೂ ಸುಮ್ಮನಿರದೆ ಬರಬೇಕು ಎಂದಿದ್ದಾರೆ. ಇವರು ಅದನ್ನು ನನಗೆ ಹೇಳಿದ್ದು ಊಟದ ಮಧ್ಯೆ, ಮೀನಿನ ಮುಳ್ಳು ತೆಗೆಯುತ್ತಾ. ನಾನು ಕೈ ತೊಳೆದು ಎದ್ದೆ. "ಎಂಜಿನ್ ಹಳತಾದ್ರೆ ಎಂತ ಮಾರಾಯ್ತಿ, ಓಡ್ತದಲ್ಲ!" ಎಂದು ನಗುತ್ತಾರೆ. ಘಾಲಾದ ವರ್ಕ್‌ಶಾಪಿನಲ್ಲಿ ದಿನವಿಡೀ ಬೋಟಿನ ಎಂಜಿನ್ ಬಿಚ್ಚಿ ಬಿಚ್ಚಿ ಮನುಷ್ಯರೂ ಹಾಗೆಯೇ ಎಂದುಕೊಂಡಿದ್ದಾರೆ. ನೀವಾದರೂ ಎರಡು ಮಾತು ಬರೆಯಿರಿ, ತಾಯಿಯ ಮಾತೆಂದರೆ ಕೇಳುತ್ತಾರೆ.

ಮಾವನಿಗೆ ನಮಸ್ಕಾರ ತಿಳಿಸಿ.
ನಿಮ್ಮ ಸೊಸೆ,
ಕುಸುಮ


ಮಲ್ಪೆ
೨೯ ಏಪ್ರಿಲ್ ೧೯೮೮

ಚಿ. ಸೌ. ಕುಸುಮಳಿಗೆ ಆಶೀರ್ವಾದ.

ಕಡಲು ಇದ್ದಲ್ಲೇ ಇದೆ, ನಾವೂ ಇದ್ದಲ್ಲೇ ಇದ್ದೇವೆ.

ನಿನ್ನ ಪತ್ರ ಓದಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮೀನುಗಾರರ ಮನೆಯ ಕೂಸು ಸಿಮೆಂಟಿನ ತೊಟ್ಟಿಯಲ್ಲಿ ಈಜುವುದು! ಈ ಮಾತು ನಮ್ಮ ಉಪ್ಪುಮೀನಿನ ಅಂಗಳದಲ್ಲಿ ಹೇಳಿದೆ, ಹೆಂಗಸರೆಲ್ಲ ಬುಟ್ಟಿ ಬಿಟ್ಟು ನಕ್ಕರು. ನೂರು ಜನ ಬಿದ್ದೆದ್ದ ನೀರಿಗೆ ಮದ್ದು ಸುರಿದು ಪುನಃ ಅದರಲ್ಲೇ ಬೀಳುವುದೆಂದರೆ ಉಂಡ ಬಾಳೆಲೆ ತೊಳೆದು ಮತ್ತೆ ಉಣ್ಣುವ ಹಾಗೆ. ಕಿವಿ ಸೋರದೆ ಇನ್ನೇನಾಗುತ್ತದೆ?

ಅಲ್ಲಿ ಮನೆಯ ಹಿಂದೆಯೇ ಕಡಲುಂಟಲ್ಲ ಮಗಾ, ಅದು ಯಾಕಿರುವುದು? ಕಡಲಿಗೆ ಯಾರ ಮದ್ದೂ ಬೇಡ. ತನ್ನ ಕೊಳೆಯನ್ನು ತಾನೇ ತೊಳೆದುಕೊಳ್ಳುತ್ತದೆ, ನಮ್ಮದನ್ನೂ ತೊಳೆಯುತ್ತದೆ. ನಿನ್ನ ಮಾವನ ಮೀನಖಂಡಕ್ಕೆ ತೊರಕೆ ಮೀನಿನ ಮುಳ್ಳು ಹೊಕ್ಕಾಗ ಕಾಲು ಕುಂಬಳಕಾಯಿಯಷ್ಟು ಊದಿತ್ತು. ಯಾವ ಡಾಕ್ಟರ ಹತ್ತಿರ ಹೋದೆವು? ಮೂರು ಇಳಿತಕ್ಕೆ ಕಡಲಲ್ಲಿ ಕೂರಿಸಿದೆ, ನಾಲ್ಕನೆಯದಕ್ಕೆ ಹಕ್ಕಳೆ ಕಟ್ಟಿತು. ನಿನ್ನ ಗಂಡ ದೇಜು ಚಿಕ್ಕವನಿದ್ದಾಗ ಮೈತುಂಬ ಕಜ್ಜಿ. ಅವನನ್ನೂ ಹಾಗೆಯೇ ಮುಳುಗಿಸಿ ಮುಳುಗಿಸಿ ತೆಗೆದೆ. ಉಪ್ಪು ಹಾಕಿದ ಮೀನು ವರ್ಷ ಕಳೆದರೂ ಕೊಳೆಯುವುದಿಲ್ಲ, ಉಪ್ಪು ನೀರಲ್ಲಿ ಅದ್ದಿದ ಮೈ ಕೊಳೆಯುತ್ತದಾ? ಇದು ತಿಳಿಯಲು ನರ್ಸ್ ಕಲಿಯಬೇಕಾ?

ಲಿವರಿನ ಮಾತಿಗೆ ಹೆದರಬೇಡ. ದೇಜುವಿನ ಕಾಮಾಲೆಗೆ ಅಂದು ಕೊಡಿಸಿದ ಹಳ್ಳಿಮದ್ದು ಸುಳ್ಳಲ್ಲ. ಆದರೂ ಅವನಿಗೆ ಇದನ್ನು ಗಟ್ಟಿಯಾಗಿ ಓದಿ ಹೇಳು: ಕಿವಿಯಾಗಲಿ ಕಾಲಾಗಲಿ, ಗಾಯವಾದರೆ ಮೊದಲು ಕಡಲು, ಆಮೇಲೆ ಡಾಕ್ಟರು. ಇದು ಅಮ್ಮನ ಅಪ್ಪಣೆ.

ಮಾವ ಚೆನ್ನಾಗಿದ್ದಾರೆ. ಸಕ್ಕರೆ ಕಾಯಿಲೆ ಎಂದು ಚಹಾಕ್ಕೆ ಸಕ್ಕರೆ ಬಿಟ್ಟಿದ್ದಾರೆ, ಸಂಜೆಯ ಕಳ್ಳು ಬಿಟ್ಟಿಲ್ಲ.

ನಿನ್ನ ಅತ್ತೆ,
ಲೋಲಾಕ್ಷಿ


ಸೀಬ್
೯ ಜೂನ್ ೧೯೮೮

ಪೂಜ್ಯ ಅತ್ತೆಯವರಿಗೆ,

ನಿಮ್ಮ ಅಪ್ಪಣೆ ಚಾಚೂ ತಪ್ಪದೆ ನಡೆಯುತ್ತಿದೆ. ಪತ್ರವನ್ನು ನಿಮ್ಮ ಮಗ ಫ್ರೆಡ್ಡಿ, ರೋಸ್ ಇಬ್ಬರನ್ನೂ ಕೂರಿಸಿ ನಿಮ್ಮದೇ ಧ್ವನಿಯಲ್ಲಿ ಓದಿದರು. ಬಾಳೆಲೆಯ ಮಾತಿಗೆ ಫ್ರೆಡ್ಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಈದ್ ರಜೆಯಲ್ಲಿ ಮೊದಲ ಸಲ ಕಡಲಿಗೆ ಹೋದೆವು, ಈಗ ಪ್ರತಿ ಶುಕ್ರವಾರ. ಶಮಿತಾಳ ಕಿವಿ ಪೂರಾ ಗುಣವಾಯಿತು. ರೋಸ್ ಕೊಟ್ಟ ಹನಿ ಮದ್ದನ್ನೂ ನಾನು ಬಿಟ್ಟಿರಲಿಲ್ಲ, ಅದನ್ನು ಇವರಿಗೆ ಹೇಳಿಲ್ಲ. ಕೀರ್ತಿಯೆಲ್ಲ ಕಡಲಿಗೆ ಹೋಯಿತು, ಇರಲಿ.

ಆದರೆ ಅತ್ತೆ, ಇಲ್ಲಿಯ ಕಡಲು ನಮ್ಮದರ ಹಾಗಿಲ್ಲ. ತೆರೆಯೇ ಇಲ್ಲ, ಸುಮ್ಮನೆ ಬಿದ್ದುಕೊಂಡಿರುತ್ತದೆ. ಜೂನ್ ಬಂದ ಮೇಲೆ ನೀರು ಎಷ್ಟು ಬಿಸಿ ಎಂದರೆ ಕಾಲಿಟ್ಟರೆ ತಂಪೇ ಆಗುವುದಿಲ್ಲ. ಮೀನುಗಾರರು ಬಿಸಾಡಿದ ಬೂತಾಯಿ ಮೀನು ದಡದಲ್ಲಿ ಬಿದ್ದು ನಾರುತ್ತಿರುತ್ತದೆ. ಇವರಿಗೆ ಆ ವಾಸನೆಯೇ ಖುಷಿ.

ಸೋಮವಾರ ಇವರ ಮೊಣಕಾಲಿನ ಕೆಳಗೆ ಸಣ್ಣ ಗಾಯವಾಯಿತು. ಬೋಟಿನ ಪ್ರೊಪೆಲ್ಲರ್ ಕೈಜಾರಿ ಅದರ ಅಲಗು ತಾಗಿತಂತೆ. ಬೆರಳಿನಷ್ಟು ಉದ್ದದ ಗೀರು, ಹೆಚ್ಚಿಲ್ಲ. ಡಾಕ್ಟರ ಹತ್ತಿರ ಹೋಗಿ ಎಂದರೆ ನಿಮ್ಮ ಪತ್ರ ತೋರಿಸುತ್ತಾರೆ. ನಿನ್ನೆ ರೋಸ್ ಗಾಯ ನೋಡಿ, "ಅಣ್ಣಾ, ಇದು ಒಣಗುವವರೆಗೆ ಕಡಲು ಬೇಡ. ಲಿವರ್ ಸರಿ ಇಲ್ಲದವರು ಬೇಸಿಗೆಯಲ್ಲಿ ಗಾಯ ಇಟ್ಕೊಂಡು ಉಪ್ಪು ನೀರಿಗೆ ಇಳೀಬಾರ್ದು ಅಂತ ನಮ್ಮ ಡಾಕ್ಟರು ಹೇಳ್ತಾರೆ" ಎಂದರು.

"ರೋಸ್‌ಬಾಯಿ, ನೀವು ಪೂಲಿನವರು, ನಾವು ಕಡಲಿನವರು" ಎಂದರು ಇವರು.

ಶಮಿತಾಳೂ ಸೇರಿಕೊಂಡು, "ಅಜ್ಜಿ ಈಸ್ ರೈಟ್, ಡ್ಯಾಡಿ" ಎಂದಳು. ಎಲ್ಲರೂ ನಕ್ಕೆವು. ರೋಸ್ ನಗಲಿಲ್ಲ.

ನಾಳೆ ಶುಕ್ರವಾರ. ಬೆಳಿಗ್ಗೆಯೇ ಹೊರಡುವುದೆಂದು ಇವರ ಹಠ. ನನಗೆ ಯಾಕೋ ಮನಸ್ಸಿಲ್ಲ, ಆದರೂ ಬುತ್ತಿಗೆ ನೀರುದೋಸೆ ಮಾಡಿಕೊಳ್ಳುತ್ತೇನೆ.

ನಿಮ್ಮ ಸೊಸೆ,
ಕುಸುಮ


ಮಲ್ಪೆ
೨೧ ಜೂನ್ ೧೯೮೮

ಚಿ. ಸೌ. ಕುಸುಮಳಿಗೆ,

ಕಡಲು ಇದ್ದಲ್ಲೇ ಇದೆ, ನಾವೂ ಇದ್ದಲ್ಲೇ ಇದ್ದೇವೆ.

ಮಳೆ ಹಿಡಿದಿದೆ, ದೋಣಿಗಳನ್ನೆಲ್ಲ ಮೇಲೆ ಎಳೆದು ತೆಂಗಿನ ಮಡಲು ಹೊದಿಸಿ ಆಯಿತು. ಅಂಗಳದಲ್ಲಿ ಕೆಲಸವಿಲ್ಲ, ಹೆಂಗಸರು ಬಂದು ಜಗಲಿಯಲ್ಲಿ ಕೂತು ಊರವರ ಚರ್ಮ ಸುಲಿಯುತ್ತಾರೆ. ನಿನ್ನ ಪತ್ರ ಅವರಿಗೂ ಓದಿದೆ. ಮೊಮ್ಮಗಳ ಕಿವಿ ಕಡಲಿನಲ್ಲೇ ಗುಣವಾಯಿತೆಂದು ಕೇಳಿ ಎಲ್ಲರಿಗೂ ಸಂತೋಷ.

ಈಗ ದೇಜುವಿನ ಗಾಯ ಒಣಗಿರಬೇಕು. ನೀರು ಬಿಸಿಯಾದರೆ ಇನ್ನೂ ಒಳ್ಳೆಯದಲ್ಲವಾ, ಬಿಸಿ ಉಪ್ಪುನೀರಿನಲ್ಲಿ ಶಾಖ ಕೊಟ್ಟ ಹಾಗಾಯಿತು. ರೋಸ್‌ಬಾಯಿಗೆ ನನ್ನ ಹೆಸರು ಹೇಳಿ ಒಂದು ಪೊಟ್ಟಣ ಸಿಗಡಿ ಕೊಡು, ಒಳ್ಳೆಯ ಹೆಂಗಸು, ಹೆದರಿಕೆ ಸ್ವಲ್ಪ ಜಾಸ್ತಿ.

ನಿನ್ನ ಮಾವನಿಗೆ ಹೊಸ ಚಪ್ಪಲಿ ಕಚ್ಚಿ ಹೆಬ್ಬೆರಳ ಹತ್ತಿರ ಹುಣ್ಣಾಗಿದೆ. ಹಳೆಯ ಚಪ್ಪಲಿ ಬಿಸಾಡಬೇಡಿ ಎಂದು ಹೇಳಿದ್ದೆ, ಕೇಳಲಿಲ್ಲ.

ಲೋಲಾಕ್ಷಿ


ಸೀಬ್
೨೩ ಜೂನ್ ೧೯೮೮

ಪೂಜ್ಯ ಅತ್ತೆ ಮಾವನವರಿಗೆ,

ಇದನ್ನು ಕುಳಿತುಕೊಂಡು ಓದಿ. ಇವರು ಬದುಕಿದ್ದಾರೆ, ಅದನ್ನು ಮೊದಲು ಬರೆಯುತ್ತೇನೆ.

ವರ್ಕ್‌ಶಾಪಿನಲ್ಲಿ ಸರಪಳಿ ತುಂಡಾಗಿ ಎಂಜಿನ್ ಕಾಲಿನ ಮೇಲೆ ಬಿತ್ತು. ಬಲಗಾಲನ್ನು ಮೊಣಕಾಲಿನಿಂದ ಮೇಲೆ ತೆಗೆಯಬೇಕಾಯಿತು. ಜೀವಕ್ಕೆ ಈಗ ಭಯವಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಇವರ ಅರಬಾಬ್, ಕಂಪೆನಿಯ ಮಾಲಕ, ಒಳ್ಳೆಯ ಮನುಷ್ಯ, ಆಸ್ಪತ್ರೆಗೆ ಬಂದು ನೋಡಿಕೊಂಡು ಹೋಗುತ್ತಾನೆ. ರೋಸ್ ಹಗಲಿಡೀ ಹತ್ತಿರ ಇರುತ್ತಾರೆ. ಶಮಿತಾ ಅವರ ಮನೆಯಲ್ಲಿದ್ದಾಳೆ.

ಹೆಚ್ಚು ಬರೆಯಲು ಆಗುವುದಿಲ್ಲ. ನೀವು ಅಳಬಾರದು ಎಂದು ಇವರು ಹೇಳಿದ್ದಾರೆ.

ಕುಸುಮ


ಮಲ್ಪೆ
೧೨ ಜುಲೈ ೧೯೮೮

ಕುಸುಮಾ,

ಕಡಲು ಇದ್ದಲ್ಲೇ ಇದೆ. ನಾವು ಇದ್ದಲ್ಲೇ ಇದ್ದೇವೆಯೋ ಇಲ್ಲವೋ ಗೊತ್ತಾಗುವುದಿಲ್ಲ.

ಅಳಬಾರದೆಂದು ಹೇಳಿದನಂತೆ. ಒಂಬತ್ತು ತಿಂಗಳು ಹೊತ್ತವಳಿಗೆ ಅವನು ಹೇಳಿಕೊಡುತ್ತಾನೆ. ಆ ಕಾಲಿಗೆ ನಾನು ಎಣ್ಣೆ ಹಚ್ಚಿ ನೀವಿದ್ದೇನೆ ಮಗಾ. ಅದನ್ನು ಎಲ್ಲಿ ಹಾಕಿದರು? ಸುಟ್ಟರಾ, ಹೂಳಿದರಾ? ಯಾರನ್ನು ಕೇಳುವುದು?

ಕಡಲು ಬಿಟ್ಟು ಕಬ್ಬಿಣ ಹಿಡಿದದ್ದಕ್ಕೇ ಹೀಗಾಯಿತು. ನಮ್ಮ ಮನೆಯಲ್ಲಿ ಕಡಲು ಯಾರ ಕಾಲನ್ನೂ ಕಿತ್ತುಕೊಂಡಿಲ್ಲ. ಆ ಎಂಜಿನ್ ತುಕ್ಕು ಹಿಡಿದು ಪುಡಿಯಾಗಲಿ. ಆ ಶುಕ್ರವಾರ ಕಡಲಿಗೆ ಹೋಗಿದ್ದಿರಾ ಇಲ್ಲವಾ, ನೀನು ಬರೆಯಲೇ ಇಲ್ಲ. ಹೋಗಿದ್ದರೆ ಅದಾದರೂ ಒಂದು ಒಳ್ಳೆಯ ದಿನ ಕಂಡನಲ್ಲ ಎಂದುಕೊಳ್ಳುತ್ತೇನೆ.

ನಿನ್ನ ಮಾವನ ಹುಣ್ಣು ದೊಡ್ಡದಾಗಿದೆ. ಉಡುಪಿಯ ಡಾಕ್ಟರಿಗೆ ತೋರಿಸಿದರೆ, ಸಕ್ಕರೆ ಜಾಸ್ತಿ ಉಂಟು, ಕಳ್ಳಿನಿಂದ ಲಿವರೂ ಕೆಟ್ಟಿದೆ, ಅಡ್ಮಿಟ್ ಆಗಿ ಎಂದ. ಆಗಲಿಕ್ಕಿಲ್ಲ ಎಂದು ಕೈಹಿಡಿದು ವಾಪಸು ಕರೆದುಕೊಂಡು ಬಂದೆ. ಈ ಡಾಕ್ಟರುಗಳಿಗೆ ಗೊತ್ತಿರುವುದು ಕತ್ತರಿಸುವುದೊಂದೇ. ನನ್ನ ಮನೆಯಿಂದ ಒಂದು ಕಾಲು ಹೋದದ್ದು ಸಾಕು. ಈಗ ದಿನಾ ಬೆಳಿಗ್ಗೆ ತೆರೆ ಇಳಿದಾಗ ಹೊಳೆ ಕಡಲು ಸೇರುವ ಅಳಿವೆಯ ಹತ್ತಿರ ಕರೆದುಕೊಂಡು ಹೋಗಿ, ಮೊಣಕಾಲುದ್ದ ನೀರಿನಲ್ಲಿ ಕೂರಿಸುತ್ತೇನೆ. ಅಂಚು ಸ್ವಲ್ಪ ಕಪ್ಪಾಗಿದೆ, ಒಣಗುತ್ತಿರಬೇಕು.

ಆಗಸ್ಟ್ ಹನ್ನೆರಡಕ್ಕೆ ಆಟಿ ತಿಂಗಳ ಅಮಾವಾಸ್ಯೆ. ಬೆಳಿಗ್ಗೆ ಹಾಲೆ ಮರದ ಕಷಾಯ ಕುಡಿಸಿ, ಎಲ್ಲರ ಜೊತೆ ಕಡಲಸ್ನಾನಕ್ಕೆ ಇವರನ್ನೂ ಪೂರ್ತಿ ಮುಳುಗಿಸುತ್ತೇನೆ. ದೇಜು ಬಂದಮೇಲೆ ಅವನನ್ನೂ ಮುಳುಗಿಸುತ್ತೇನೆಂದು ಹರಕೆ ಹೇಳಿದ್ದೇನೆ. ಅವನಿಗೆ ಹೇಳು.

ಲೋಲಾಕ್ಷಿ


ಸೀಬ್
೩೦ ಜುಲೈ ೧೯೮೮

ಅತ್ತೆ,

ನಿಮ್ಮ ಪತ್ರ ನಿನ್ನೆ ಬಂತು. ಓದಿದ ಕೂಡಲೇ ಫ್ರೆಡ್ಡಿಯವರನ್ನು ಓಡಿಸಿ, "ಮಾವನನ್ನು ಕಡಲಿಗೆ ಇಳಿಸಬೇಡಿ" ಎಂದು ತಂತಿ ಕೊಡಿಸಿದ್ದೇನೆ. ತಂತಿಯಲ್ಲಿ ಕಾರಣ ಬರೆಯಲಿಲ್ಲ. ಬರೆದರೆ ನಿಮಗಿಂತ ಮೊದಲು ಪೋಸ್ಟ್ ಆಫೀಸಿನವರು, ಅವರ ಹಿಂದೆ ಇಡೀ ಊರು ಓದುತ್ತದೆ. ಫೋನಿರುವುದು ಮೀನಿನ ಸೊಸೈಟಿಯಲ್ಲಿ, ಹತ್ತು ಜನರ ನಡುವೆ. ಅಲ್ಲಿ ನಿಮ್ಮನ್ನು ಕರೆಸಿ ಈ ಮಾತನ್ನು ಹೇಗೆ ಹೇಳಲಿ? ಮುಹಿಯುದ್ದೀನ್ ಬಕ್ರೀದ್ ಮುಗಿಸಿ ಊರಿಗೆ ಹೊರಟಿದ್ದಾರೆ. ಅಮಾವಾಸ್ಯೆಗೆ ಮೊದಲು ನಿಮ್ಮ ಕೈಗೇ ಕೊಡುತ್ತೇನೆ ಎಂದು ಮಾತು ಕೊಟ್ಟಿದ್ದಾರೆ. ಇದನ್ನು ಅಂಗಳದಲ್ಲಿ ಓದಬೇಡಿ. ಒಬ್ಬರೇ ಓದಿ.

ಯಾವ ಎಂಜಿನ್ನೂ ಬೀಳಲಿಲ್ಲ.

ಆ ಶುಕ್ರವಾರ ನಾವು ಕಡಲಿಗೆ ಹೋದೆವು. ಇವರು ಲುಂಗಿ ಎತ್ತಿ ಕಟ್ಟಿಕೊಂಡು ನೀರಿನಲ್ಲಿ ಕೂತರು. ಗಾಯ ಉರಿಯುತ್ತದೆ ಎಂದರು. "ಕಚ್ಚಿದ್ರೆ ಗುಣ ಆಗ್ತಾ ಉಂಟು ಅಂತ ಅರ್ಥ, ಅಮ್ಮ ಹೇಳ್ತಿದ್ರು" ಎಂದರು. ಶಮಿತಾ ಚಿಪ್ಪು ಹೆಕ್ಕುತ್ತಿದ್ದಳು. ನಾನು ದಡದಲ್ಲಿ ಕೂತು ನೀರುದೋಸೆ ತಿಂದೆ. ಅತ್ತೆ, ನಾನು ಅಲ್ಲೇ ಕೂತಿದ್ದೆ, ನೋಡುತ್ತಾ.

ಸಂಜೆಗೆ ಚಳಿ ಬಂತು. ಮರುದಿನ ಬೆಳಿಗ್ಗೆ ಕಾಲು ತೊಡೆಯವರೆಗೆ ಊದಿ, ಗಾಯದ ಸುತ್ತ ನೇರಳೆ ಬಣ್ಣದ ಗುಳ್ಳೆ ಎದ್ದಿದ್ದವು. ನಾನು ಕಾಫಿ ಮಾಡಿ ತರುವಷ್ಟರಲ್ಲಿ ಇನ್ನೆರಡು ಎದ್ದವು. ನಾನು ಉತ್ಪ್ರೇಕ್ಷೆ ಮಾಡುತ್ತಿಲ್ಲ. ರೋಸ್ ಬಾಗಿಲಲ್ಲಿ ನಿಂತು ನೋಡಿದವರೇ, "ಕಡಲಿಗೆ ಹೋಗಿದ್ರಾ?" ಎಂದು ಒಂದೇ ಮಾತು ಕೇಳಿದರು. ಆಸ್ಪತ್ರೆಗೆ ಮುಟ್ಟುವಾಗ ಇವರಿಗೆ ನನ್ನ ಗುರುತು ಸಿಗುತ್ತಿರಲಿಲ್ಲ. ತುಳುವಿನಲ್ಲಿ ಅಪ್ಪೆ, ಅಪ್ಪೆ ಎಂದು ನಿಮ್ಮನ್ನೇ ಕರೆಯುತ್ತಿದ್ದರು. ಕಾಲು ತೆಗೆಯದಿದ್ದರೆ ನಾಳೆ ಹೆಣ ಎಂದರು. ನಾನು ಸಹಿ ಹಾಕಿದೆ.

ಆಮೇಲೆ ಡಾಕ್ಟರು ನನ್ನನ್ನು ಕೂರಿಸಿ ಹೇಳಿದರು. ಕಡಲ ನೀರಿನಲ್ಲೇ ಇರುವ ಒಂದು ಕ್ರಿಮಿಯಂತೆ, ಕಾಲರಾ ಕ್ರಿಮಿಯ ದಾಯಾದಿ. ಗಟ್ಟಿ ಇರುವವರನ್ನು ಅದು ಸಾಧಾರಣವಾಗಿ ಏನೂ ಮಾಡುವುದಿಲ್ಲ. ಲಿವರ್ ಕೆಟ್ಟವರು, ಸಕ್ಕರೆ ಇರುವವರು ಹುಣ್ಣು ಗಾಯ ಇಟ್ಟುಕೊಂಡು ಇಳಿದರೆ ಹಿಡಿಯುತ್ತದೆ, ಹಿಡಿದರೆ ಬಿಡುವುದಿಲ್ಲ. "ಉಪ್ಪಿನಲ್ಲಿ ಕ್ರಿಮಿ ಸಾಯುವುದಿಲ್ಲವಾ ಡಾಕ್ಟ್ರೇ?" ಎಂದು ಕೇಳಿದೆ. "ಇದಕ್ಕೆ ಉಪ್ಪು ಬೇಕಮ್ಮ. ಸಿಹಿನೀರಲ್ಲಿ ಬಾಳುವುದಿಲ್ಲ. ಪೂಲಿನಲ್ಲಿ ಸರಿಯಾಗಿ ಕ್ಲೋರಿನ್ ಇದ್ದರೆ ಸಾಯುತ್ತದೆ. ನೀವು ಮೀನಿಗೆ ಹಾಕುವಷ್ಟು ಉಪ್ಪಾದರೂ ಸಾಯುತ್ತದೆ. ಕಡಲಲ್ಲಿರುವ ಉಪ್ಪು ಅದಕ್ಕೆ ಹದ. ನೀರು ಬೆಚ್ಚಗಿದ್ದು, ಹೊಳೆನೀರು ಬೆರೆತು ಉಪ್ಪು ಇನ್ನೂ ಸ್ವಲ್ಪ ಇಳಿದರೆ ಮತ್ತೂ ಹದ" ಎಂದರು. ಅಳಿವೆಯ ನೀರಿನಲ್ಲಿ ಕೂರಿಸುತ್ತೇನೆ ಎಂದು ನೀವು ಬರೆದದ್ದನ್ನು ಓದುವಾಗ ಆ ಮಾತು ಕಿವಿಯಲ್ಲಿ ಕೇಳಿಸಿತು.

ಎಚ್ಚರ ಬಂದಮೇಲೆ ಇವರು ಮೊದಲು ಹೇಳಿದ್ದು, "ಅಮ್ಮನಿಗೆ ಕಡಲು ಅಂತ ಹೇಳ್ಬೇಡ ಕುಸುಮಾ. ತಾನೇ ಕಳಿಸಿದ್ದು ಅಂತ ಪ್ರಾಣ ಬಿಡ್ತಾರೆ. ಎಂಜಿನ್ ಬಿತ್ತು ಅಂತ ಬರಿ." ಶಮಿತಾಳ ತಲೆಯ ಮೇಲೆ ಕೈ ಇಡಿಸಿ ಆಣೆ ಮಾಡಿಸಿಕೊಂಡರು. ಆ ಆಣೆಯನ್ನು ಇಂದು ಮುರಿಯುತ್ತಿದ್ದೇನೆ. ಇವರಿಗೆ ಗೊತ್ತಿಲ್ಲ.

ನಿಮ್ಮ ಮೇಲೆ ನನಗೆ ಸಿಟ್ಟಿತ್ತು. ತುಂಬ ಸಿಟ್ಟಿತ್ತು. ನಿಮ್ಮ ಏಪ್ರಿಲ್ ಪತ್ರವನ್ನು ಹರಿದು ಒಲೆಗೆ ಹಾಕಿದ್ದೇನೆ. ಈಗ ಆ ಸಿಟ್ಟಿಗೂ ಸಮಯವಿಲ್ಲ. ನಿಮ್ಮ ಕಾಲಿಗೆ ಬೀಳುತ್ತೇನೆ, ಮಾವನನ್ನು ನೀರಿಗೆ ಇಳಿಸಬೇಡಿ. ಇಂದೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಬೆರಳು ಹೋದರೆ ಹೋಗಲಿ.

ಕುಸುಮ


ಮಲ್ಪೆ
೨೮ ಆಗಸ್ಟ್ ೧೯೮೮

ಕುಸುಮಾ,

ನಿನ್ನ ತಂತಿ ಬಂದಿತ್ತು. ಪೋಸ್ಟ್‌ಮ್ಯಾನ್ ಬಾಗಿಲಿಗೆ ಬಂದಾಗಲೇ ದೇಜು ಹೋದ ಎಂದು ಎದೆ ಒಡೆದುಕೊಂಡೆ. ಪೋಸ್ಟ್‌ಮ್ಯಾನೇ ಬಿಡಿಸಿ ಓದಿ ಹೇಳಿದ. ನಿನ್ನ ಮಾವ ಎಷ್ಟು ನಕ್ಕರೆಂದರೆ ಕೆಮ್ಮು ಬಂತು. "ಆಟಿಯ ತೆರೆಗೆ ಹೆದರಿದ್ದಾಳೆ ಸೊಸೆ. ಮಸ್ಕತ್ತಿಗೆ ಹೋಗಿ ನಮಗೇ ಕಡಲು ಕಲಿಸ್ತಾಳೆ" ಎಂದರು. ಊರಿಗೆಲ್ಲ ಹೇಳಿಕೊಂಡು ನಕ್ಕರು. ನಾನೂ ನಕ್ಕೆ.

ಅಮಾವಾಸ್ಯೆಯ ದಿನ ಕಷಾಯ ಕುಡಿಸಿದೆ, ಮುಳುಗಿಸಿದೆ. ಮೂರು ಸಲ ನಾನೇ ಹೆಗಲು ಹಿಡಿದು ಮುಳುಗಿಸಿದೆ.

ಮುಹಿಯುದ್ದೀನ್ ಮರುದಿನ ಮಧ್ಯಾಹ್ನ ಬಂದ. ಬೊಂಬಾಯಿಯಲ್ಲಿ ಮಳೆಗೆ ಸಿಕ್ಕಿ, ಘಾಟಿಯಲ್ಲಿ ಗುಡ್ಡ ಕುಸಿದು ಬಸ್ಸು ನಿಂತು, ಕೊನೆಗೆ ಲಾರಿ ಹತ್ತಿ ಬಂದನಂತೆ. ಅವನನ್ನು ಬಯ್ಯಬೇಡ, ಮೈಯೆಲ್ಲ ಕೆಸರಾಗಿತ್ತು. ಅಷ್ಟರಲ್ಲಿ ಇವರಿಗೆ ಚಳಿ ಬಂದು ಎರಡು ಕಂಬಳಿ ಹೊದಿಸಿದ್ದೆ. ನಿನ್ನ ಪತ್ರವನ್ನು ಅಡುಗೆಮನೆಯಲ್ಲಿ ಒಬ್ಬಳೇ ಓದಿದೆ. ಗುಳ್ಳೆ ಎಂದು ಬರೆದಿದ್ದೀಯಲ್ಲ, ಅಲ್ಲಿಗೆ ಬಂದಾಗ ಎದ್ದು ಹೋಗಿ ಕಂಬಳಿ ಎತ್ತಿ ನೋಡಿದೆ.

ಮಣಿಪಾಲದ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಮೂರನೆಯ ದಿನ ಬೆಳಿಗ್ಗೆ ಹೋದರು. ಕಡಲಿನದ್ದೋ ಸಕ್ಕರೆಯದ್ದೋ ಡಾಕ್ಟರು ಬಿಡಿಸಿ ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಕೊಳ್ಳಿ ಇಟ್ಟದ್ದು ಅವರ ತಂಗಿಯ ಮಗ. ಬೂದಿ ಬಿಡುವಾಗ ಎಲ್ಲರೂ ನೀರಿಗೆ ಇಳಿದರು, ನಾನು ಮರಳಿನಲ್ಲೇ ನಿಂತೆ.

ನನಗೆ ಗೊತ್ತಿರಬೇಕಿತ್ತು ಮಗಾ. ಯಾರಿಗೆ ಗೊತ್ತಿಲ್ಲದಿದ್ದರೂ ನನಗೆ ಗೊತ್ತಿರಬೇಕಿತ್ತು. ಅರೆ ಉಪ್ಪು ಹಾಕಿದ ಮೀನಿಗೆ ಹುಳ ಬೇಗ ಬೀಳುತ್ತದೆ, ಕೈ ಬಿಗಿ ಮಾಡಬೇಡಿ, ಉಪ್ಪು ಸುರಿಯಿರಿ ಎಂದು ಅಂಗಳದಲ್ಲಿ ಜೀವಮಾನವಿಡೀ ಬೊಬ್ಬೆ ಹೊಡೆದವಳು ನಾನೇ. ಸತ್ತ ಬೂತಾಯಿ ಕಡಲ ನೀರಿನಲ್ಲಿ ಬಿದ್ದುಕೊಂಡೇ ಕೊಳೆಯುವುದನ್ನು ದಿನಾ ನೋಡಿದವಳು ನಾನು. ಕಡಲು ಅರೆ ಉಪ್ಪಿನದ್ದೇ ಎಂದು ಒಂದು ದಿನವೂ ಹೊಳೆಯಲಿಲ್ಲ. ಆಟಿಯ ಮಳೆಯಲ್ಲಂತೂ ಬಾಯಿಗೆ ಹಾಕಿದರೆ ಅರ್ಧ ಹೊಳೆನೀರು.

ನಿನ್ನ ಮೇಲೆ ಸಿಟ್ಟಿಲ್ಲ ಎಂದರೆ ಸುಳ್ಳಾಗುತ್ತದೆ. ಜೂನಿನಲ್ಲೇ ನಿಜ ಬರೆದಿದ್ದರೆ ಇವರನ್ನು ಉಡುಪಿಯ ಆಸ್ಪತ್ರೆಯಲ್ಲಿ ಬಿಟ್ಟು ಬರುತ್ತಿದ್ದೆ. ಡಾಕ್ಟರು ಕಾಲು ತಿನ್ನುತ್ತಾರೆ ಎಂದು ಕಡಲಿಗೆ ಒಯ್ದೆ. ನೀನೂ ನನ್ನನ್ನು ಉಳಿಸಲಿಕ್ಕೇ ಹೇಳಿದ ಸುಳ್ಳು ಅದು, ಗೊತ್ತಿದೆ. ನಿನಗೆ ನನ್ನ ಮೇಲೆ ಇದ್ದಷ್ಟೇ ಸಿಟ್ಟು ನನಗೆ ನಿನ್ನ ಮೇಲೆ ಇರಲಿ, ಲೆಕ್ಕ ಸರಿಹೋಗುತ್ತದೆ. ನಾವಿಬ್ಬರೂ ಇನ್ನು ಒಂದೇ ಮನೆಯಲ್ಲಿ ಬಾಳಬೇಕು.

ಈಗ ನಾನು ಹೇಳುವುದನ್ನು ಕೇಳು. ದೇಜುವಿಗೆ ಎರಡೂ ತಿಳಿಯಬಾರದು. ಅಪ್ಪ ಹೋದದ್ದೂ ಬೇಡ, ಕಡಲಿನ ವಿಷಯ ನನಗೆ ಗೊತ್ತಾದದ್ದೂ ಬೇಡ. ಅವನು ಮರದ ಕಾಲಿನಲ್ಲಿ ನಿಲ್ಲುವುದನ್ನು ಕಲಿಯಲಿ. ಊರಿಗೆ ಬಂದ ದಿನ ನಾನೇ ಎದುರು ಕೂತು ಹೇಳುತ್ತೇನೆ. ಅಲ್ಲಿಯವರೆಗೆ ನೀನು ಬಾಯಿ ಬಿಡಬಾರದು. ನಿನ್ನ ಆಣೆ ಒಂದು ಸಲ ಮುರಿದಿದೆ, ಇನ್ನೊಂದು ಸಲ ಬೇಡ.

ಜೊತೆಗಿರುವ ಕಾಗದ ಅವನಿಗೆ. ನನ್ನ ಧ್ವನಿಯಲ್ಲಿ ಓದಲು ಹೇಳು, ಚೆನ್ನಾಗಿ ಓದುತ್ತಾನೆಂದು ನೀನೇ ಬರೆದಿದ್ದೆ.

ಲೋಲಾಕ್ಷಿ


ಮಲ್ಪೆ
೨೮ ಆಗಸ್ಟ್ ೧೯೮೮

ಚಿ. ದೇಜುವಿಗೆ ಅಮ್ಮನ ಆಶೀರ್ವಾದ.

ಕಡಲು ಇದ್ದಲ್ಲೇ ಇದೆ, ನಾವೂ ಇದ್ದಲ್ಲೇ ಇದ್ದೇವೆ.

ಮಲಗಿ ಮಲಗಿ ಸೋಮಾರಿಯಾಗಬೇಡ. ಒಂದು ಕಾಲಿಲ್ಲದಿದ್ದರೆ ಎಂತ? ದೋಣಿಗೆ ಎಷ್ಟು ಕಾಲುಂಟು, ಆದರೂ ಹೋಗಿ ಬರುವುದಿಲ್ಲವಾ? ಆ ಹಾಳು ಎಂಜಿನ್ನಿಗೆ ದಿನಾ ಶಾಪ ಹಾಕುತ್ತಿದ್ದೇನೆ, ಇಷ್ಟರಲ್ಲಿ ಪುಡಿಯಾಗಿರಬೇಕು. ಸೊಸೆ ಹೇಳಿದ ಹಾಗೆ ಕೇಳು, ಡಾಕ್ಟರು ಹೇಳಿದ ಹಾಗೆ ಕೇಳು. ನನ್ನ ಹಳೆಯ ಮಾತುಗಳನ್ನೆಲ್ಲ ಕೇಳಬೇಕೆಂದಿಲ್ಲ, ನನಗೂ ವಯಸ್ಸಾಯಿತು.

ಆಟಿ ಅಮಾವಾಸ್ಯೆ ಚೆನ್ನಾಗಿ ಆಯಿತು. ಊರೆಲ್ಲ ಸೇರಿತ್ತು. ಹಾಲೆ ಕಷಾಯ ಈ ವರ್ಷ ತುಂಬ ಕಹಿ. ನಿನ್ನ ಅಪ್ಪ ಮುಖ ಸಿಂಡರಿಸಿಕೊಂಡು ಕುಡಿದರು, ಆಮೇಲೆ ಬೆಲ್ಲ ಕೊಡು ಎಂದು ಹಠ ಮಾಡಿದರು. ಅವರ ಕಾಲಿನ ಹುಣ್ಣಿನ ಚಿಂತೆ ಬೇಡ. ಅದು ಈಗ ನೋಯುವುದಿಲ್ಲ.

ಅವರೇ ಯಾಕೆ ನಾಲ್ಕು ಸಾಲು ಬರೆಯಲಿಲ್ಲ ಎಂದು ಕೇಳಬೇಡ. ಅವರ ಸ್ವಭಾವ ನಿನಗೆ ಗೊತ್ತು, ಬೆಳಿಗ್ಗೆ ಎದ್ದವರೇ ಕಡಲಕರೆಗೆ ಹೋಗುತ್ತಾರೆ, ಕರೆದರೂ ಬರುವುದಿಲ್ಲ.

ಇದೋ, ಈಗಷ್ಟೇ ಬಂದರು. ಹೊರಗೆ ಕಾಲು ತೊಳೆಯುತ್ತಿದ್ದಾರೆ. ನಿನಗೆ ಆಶೀರ್ವಾದ ತಿಳಿಸಲು ಹೇಳಿದರು.

ನಿನ್ನ ಅಮ್ಮ,
ಲೋಲಾಕ್ಷಿ